ಹೆಸರು ಕೊರೆಸಿದ ಬ್ಯಾಟರಿ

ದಾವಣಗೆರೆ, 2109

ಮುತ್ತಜ್ಜಿ ದಾಕ್ಷಾಯಣಿಯವರಿಗೆ,

ಒಂದು ಮಾತನ್ನು ಬರೆಯದೆ ಬಿಡೋಣ ಎಂದುಕೊಂಡಿದ್ದೆ: ನೀವು ಅಷ್ಟು ಅಚ್ಚುಕಟ್ಟಾಗಿ ಇರದಿದ್ದರೆ ನಮಗೆ ಒಳ್ಳೆಯದಾಗುತ್ತಿತ್ತು. ಹಿಂದಿನವರಿಗೆ ಕಾಗದ ಒಯ್ಯುವ ಅಂಚೆಗೆ ನಾವು ಹಿಂದಂಚೆ ಎನ್ನುತ್ತೇವೆ. ಇಂಥ ಪದಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ನಾನು ಓದಿದ್ದೆಲ್ಲ ಇಂಗ್ಲಿಷಿನಲ್ಲಿ.

ನಮ್ಮ ರಾಜ್ಯದಲ್ಲಿ ಮರಳಿಕೆ ಕಾಯಿದೆ ಎಂಬುದೊಂದಿದೆ. ಹಳೆಯ ಕೆರೆಗಳನ್ನು ಅಗೆದಾಗ ಸಿಗುವ ಟಿ.ವಿ., ಮಿಕ್ಸಿ, ಬ್ಯಾಟರಿಗಳನ್ನು ಕೆರೆಮಾಲು ಎನ್ನುತ್ತಾರೆ. ಯಾರದೆಂದು ಗೊತ್ತಾದ ಕೆರೆಮಾಲು ಅವರ ವಂಶದವರ ಮನೆಗೇ ಬರುತ್ತದೆ. ಕರಗಿಸುವ ಕುಲುಮೆಯಲ್ಲಿ ಸರದಿ ಬರುವವರೆಗೆ, ಅಂದರೆ ಹಲವು ವರ್ಷ, ಅದನ್ನು ಮನೆಯೊಳಗೇ ಇಟ್ಟುಕೊಳ್ಳಬೇಕು. ಒಲ್ಲೆ ಎಂದರೆ ನಲ್ಲಿ ಬಂದ್. ಯಾರದೆಂದು ತಿಳಿಯದ್ದು ಊರಂಚಿನ ಬಡವರಿರುವ ಹೊಂಡದ ಕೇರಿಗೆ ಹೋಗುತ್ತದೆ. ಅಲ್ಲಿನವರನ್ನು ಯಾರೂ ಕೇಳುವುದಿಲ್ಲ.

ನಿಮ್ಮ ಕಾಲದ ಹೆಚ್ಚಿನವರು ಗುರುತೇ ಬಿಟ್ಟಿಲ್ಲ. ನೀವು ಮಾತ್ರ ಸ್ಟೀಲ್ ಪಾತ್ರೆಗಳಿಗೆ ಹಾಕಿಸುವಂತೆ ಯುಪಿಎಸ್ ಬ್ಯಾಟರಿಯ ತಗಡಿನ ಪೆಟ್ಟಿಗೆಗೂ ಹೆಸರು ಕೊರೆಸಿದ್ದೀರಿ: ‘ದಾಕ್ಷಾಯಣಿ ರುದ್ರೇಶ್, ಪಿ.ಜೆ. ಬಡಾವಣೆ’. ಕೆಟ್ಟ ಮೇಲೆ ನಿಮ್ಮ ಕಾಲದ ಕಾಯಿದೆಯಂತೆ ಹಳೆ ಬ್ಯಾಟರಿ ಸಂಗ್ರಹದ ಗಾಡಿಗೇ ಕೊಟ್ಟಿರಂತೆ. ನಿಮ್ಮ ಮಗಳು, ನನ್ನ ಅಜ್ಜಿ, ಹೆಮ್ಮೆಯಿಂದ ಹೇಳುತ್ತಿದ್ದರು. ಗಾಡಿಯವರು ಕೆರೆಗೆ ಸುರಿದರು. ಮೊನ್ನೆ ಅದನ್ನು ನಮ್ಮ ಜಗಲಿಗೆ ಇಳಿಸಿದ ನೌಕರ ನಕ್ಕ: “ನಿಮ್ಮ ಮುತ್ತಜ್ಜಿ ಭಾಳ ಚೊಕ್ಕ ಬಿಡ್ರಿ ಮೇಡಂ. ಚಮಚಕ್ಕೂ ಹೆಸರು ಹಾಕ್ಸಿರ್ಬೇಕು!” ತನಿಖೆಯವರು ಬಂದು ಆ ಹೆಸರನ್ನು ಕಣ್ಣಾರೆ ಕಂಡು ಬರೆದುಕೊಂಡ ಮೇಲೆಯೇ ಪೆಟ್ಟಿಗೆ ಲೆಕ್ಕದಲ್ಲಿ ನಮ್ಮದಾಗುವುದು.

ಮಗಳು ಸಂಪದಾ ಚೊಚ್ಚಲ ಬಾಣಂತನಕ್ಕೆ ಬಂದಿದ್ದಾಳೆ. ಇರುವುದು ಎರಡೇ ಕೋಣೆ. ಪೆಟ್ಟಿಗೆಯಿಂದ ಸೀಸ ಜಿನುಗುತ್ತಿದೆ. ಹಸುಗೂಸಿಗೆ ಅದು ಏನು ಮಾಡುತ್ತದೆಂದು ನಿಮ್ಮ ಕಾಲದವರಿಗೂ ಗೊತ್ತಿತ್ತು.

“ಹೆಸರು ಉಜ್ಜಿಬಿಡಮ್ಮ. ಆಮೇಲೆ ಅದು ನಮ್ದಲ್ಲ,” ಎಂದಳು.

“ಹೊಂಡದ ಕೇರೀಲಿ ಮಕ್ಕಳಿಲ್ವೇನೆ?”

“ನೀನು ಅಜ್ಜಿ ಆಗ್ತಿರೋದು ಯಾರಿಗೆ? ಅವರಿಗಾ?”

ನ್ಯಾಯ ಯಾವುದೆಂದು ಗೊತ್ತಿದ್ದೂ ಉಪ್ಪುಕಾಗದ ಹಿಡಿದು ಕೂತೆ. ಅಕ್ಷರಗಳನ್ನು ಆಳವಾಗಿ ಕೊರೆಸಿದ್ದಿರಿ, ತುಂಬ ಹೊತ್ತು ಹಿಡಿಯಿತು. ಬೆರಳು ಉರಿಯುತ್ತಿದ್ದಾಗಲೂ ನಿಲ್ಲಿಸಬೇಕೆಂದು ನನಗೆ ಅನಿಸಲಿಲ್ಲ. ನನಗೆ ಹೆದರಿಕೆಯಾಗುವುದು ಅದಕ್ಕೇ. ತನಿಖೆಯವರು ನೋಡಿ, ಯಾರದೋ ಎಂದು ಬರೆದುಕೊಂಡು ಹೋದರು.

ಈ ಕಾಗದ ಸಿಗುವಾಗ ಪೆಟ್ಟಿಗೆ ಇನ್ನೂ ನಿಮ್ಮ ಮನೆಯಲ್ಲೇ ಇದ್ದೀತು. ಗಾಡಿ ಬಂದಾಗ ಕೊಡಿ, ಕೊಡಲೇಬೇಕು. ಆದರೆ ಕೊಟ್ಟು ಬಾಗಿಲು ಹಾಕಿಕೊಳ್ಳಬೇಡಿ. ನೆರೆಯವರನ್ನು ಕರೆದುಕೊಂಡು ಅದರ ಹಿಂದೆಯೇ ಹೋಗಿ, ಎಲ್ಲಿ ಇಳಿಸುತ್ತಾರೆ ನೋಡಿ, ಜಗಳವಾಡಿ.

ಹೊಂಡದ ಕೇರಿಗೆ ಪೆಟ್ಟಿಗೆ ಹೊರಡುವ ದಿನವೇ ಇದನ್ನು ಅಂಚೆಗೆ ಹಾಕುತ್ತೇನೆ: ಅಕ್ಟೋಬರ್ 14, 2109.