ಎರಡು ಮನಿ ಕರೆಂಟು

ಬಸವಕಲ್ಯಾಣ,
೯ ಫೆಬ್ರುವರಿ ೨೦೨೫, ರವಿವಾರ ಮಧ್ಯಾಹ್ನ

ಹುಮನಾಬಾದಿನ ಪಡಸಾಲೆಯಲ್ಲಿ ಕೂಡಿದ ಸಮಸ್ತ ಸಭಾಸದರೇ! ಚಹಾದ ಬಟ್ಟಲು ಕೆಳಗಿಡಿರಿ, ಟೀವಿ ಬಂದ್ ಮಾಡಿರಿ, ಗದ್ದಲ ಹಾಕುವವರು ಹಿತ್ತಿಲಿಗೆ ನಡೆಯಿರಿ! ನನ್ನ ಹೆಂಡತಿ ನನ್ನ ಫೋನು ಎತ್ತುವುದಿಲ್ಲ, ನನ್ನ ಕಾಗದ ಮುಟ್ಟುವುದಿಲ್ಲ. ಆದಕಾರಣ ಇದನ್ನು ಆಕೆಯ ತಮ್ಮ ನಾಗನಾಥನ ಮಡದಿ, ನನಗೆ ತಂಗಿಯಂಥ ಸತ್ಯಮ್ಮ ಗಟ್ಟಿಯಾಗಿ ಓದತಕ್ಕದ್ದು. ಸತ್ಯಮ್ಮಾ, ದನಿ ಹೊಟ್ಟೆಯಿಂದ ಬರಲಿ, ಮೂಗಿನಿಂದ ಬೇಡ. ಆಕೆ ಒಳಗೆ ಕೇಳಿಸದವಳಂತೆ ರೊಟ್ಟಿ ಬಡಿಯುತ್ತಿದ್ದಾಳು. ಬಡಿಯಲಿ. ಆ ಸಪ್ಪಳ ನಿಂತಿತೆಂದರೆ ಕಿವಿ ಇತ್ತ ಬಂತೆಂದು ತಿಳಿ.

ಪ್ರೀತಿಯ ವಿದ್ಯಾವತೀ, ಮೊಣಕಾಲು ಹ್ಯಾಂಗದ? ಎಣ್ಣೆ ಹಚ್ಚಿ ತಿಕ್ಕುವವರು ಅಲ್ಲಿ ಯಾರಾದರೂ ಇದ್ದಾರೋ, ತವರಿನವರೆಲ್ಲ ಬರೀ ಬಾಯುಪಚಾರದವರೋ? (ನಾಗನಾಥಾ, ಸಿಟ್ಟಾಗಬ್ಯಾಡಪಾ, ಇದು ಗಂಡ-ಹೆಂಡತಿ ಮಾತು.) ನಾನು ಆರಾಮ ಇದ್ದೇನೆ. ಕುಕ್ಕರ್ ನನಗೆ ಹೆದರುತ್ತದೆ, ನಾನು ಕುಕ್ಕರಿಗೆ ಹೆದರುತ್ತೇನೆ. ನಡುವೆ ಅನ್ನ ಹ್ಯಾಂಗೋ ಆಗುತ್ತದೆ.

ಈಗ ಸಭೆಗೆ ಜಗಳದ ಮೂಲ ತಿಳಿಯಲಿ. ಕಂಪನಿ ನಾಟಕದಲ್ಲಿ ನಾನು ರಾಜ, ಈಕೆ ರಾಣಿ. ಆ ಮಾತುಗಳು ಇನ್ನೂ ನಮ್ಮಿಬ್ಬರ ನಾಲಿಗೆಯ ಮೇಲಿವೆ. ಹಲ್ಲು ಉದುರುವ ಮೊದಲೇ ಅವನ್ನು ಕಂಪ್ಯೂಟರಿಗೆ ತುಂಬಿಬಿಡಬೇಕೆಂದು ಪಣ ತೊಟ್ಟೆ. ಪಕ್ಕದ ಮನೆಯ ನಸೀರ್, ಮೈಕ್‌ಸೆಟ್ ಅಂಗಡಿಯವನು, ದನಿ ಕೂಡಿಸುವ ತನ್ನ ಮಿಕ್ಸರನ್ನೂ ದನಿಯ ದಪ್ಪ-ತೆಳು ತಿದ್ದುವ ಈಕ್ವಲೈಜರನ್ನೂ ಹೊತ್ತು ತಂದು ಅಡುಗೆಮನೆಯ ಕಟ್ಟೆಯ ಮೇಲೆ ಸ್ಥಾಪಿಸಿದ, ಯಾಕಂದರೆ ನಮ್ಮ ಮನೆಯಲ್ಲಿ ನೆಟ್ಟಗಿರುವ ಪ್ಲಗ್ ಅಲ್ಲಿಯದೊಂದೇ. ಅದರಲ್ಲಿ ಈಕೆಯ ಮಿಕ್ಸರ್ ರೊಟ್ಟಿಗೆ ಹಚ್ಚಿಕೊಳ್ಳುವ ಶೇಂಗಾ ಹಿಂಡಿ ಅರೆಯುತ್ತಿತ್ತು. ಕಿತ್ತೆ! ನಮ್ಮ ಮಿಕ್ಸರ್ ಹಚ್ಚಿದೆ! ಲ್ಯಾಪ್‌ಟಾಪಿಗೆ ಪ್ಲಗ್ ಉಳಿಯಲಿಲ್ಲವೆಂದು ನಸೀರನ ಮನೆಯ ಕಿಟಕಿಯಿಂದ ವಾಯರ್ ಎಳೆದೆವು. ಕೊನೆಗೆ ಲ್ಯಾಪ್‌ಟಾಪಿನ ಪಿನ್ನು ಮಿಕ್ಸರಿಗೆ ಚುಚ್ಚಿದ್ದೇ ತಡ, ಗುಂಯ್ಯ್ಯ್! ಜೇನುಗೂಡಿಗೆ ಕಲ್ಲು ಬಿದ್ದಂತೆ. ಆಗ ಕೈಯಲ್ಲಿ ಅರ್ಧ ಅರೆದ ಹಿಂಡಿ ಹಿಡಿದು ಈಕೆ ಅಂದದ್ದು ಇಷ್ಟು: "ನನ್ನ ಮಿಕ್ಸರ್ ಕಿತ್ತು ಈ ಗುಂಯ್ ಅನ್ನೂ ಸವತೀನ್ನ ತಂದೀರಿ. ಇಕಿ ಮನಿ ಬಿಟ್ಟ ದಿನ ನಾ ಬರ್ತೀನ್ರಿ." ಬ್ಯಾಗು, ಬಸ್ಸು, ಹುಮನಾಬಾದ. ಪರದೆ ಬಿತ್ತು.

ಸವತಿಯನ್ನು ಓಡಿಸಲು ನಾನು ಮಾಡದ ಉಪಾಯವಿಲ್ಲ, ವಿದ್ಯಾ. ಅರ್ಥಿಂಗ್ ಗುಂಡಿಗೆ ಉಪ್ಪುನೀರು ಸುರಿದೆ. ವಾಯರಿಗೆ ನಿಂಬೆಹಣ್ಣು ಕಟ್ಟಿದೆ. ನಸೀರ್ ಎದೆ ಬಡಿದುಕೊಂಡು, "ಘಾಟಬೋರಾಳದ ಮದಿವ್ಯಾಗ ಸುದ್ದಾ ನನ್ನ ಮಿಕ್ಸರ್ ಒಂದು ಸಲ ಗುಂಯ್ ಅಂದಿಲ್ಲ, ರಾಜಾಸಾಬ್! ನಿಮ್ಮ ಲ್ಯಾಪ್‌ಟಾಪಿಗೇ ಗಾಳಿ ಹೊಕ್ಕದ" ಅಂದ. ಅಂದವನೇ ಹೈದರಾಬಾದಿನಲ್ಲಿ ರೆಕಾರ್ಡಿಂಗ್ ಕೆಲಸ ಮಾಡುವ ತನ್ನ ತಂಗಿಯ ಗಂಡ ಜಹೀರುದ್ದೀನನ ನಂಬರು ಕೊಟ್ಟು, ತಾನು ಮುಡಬಿಗೆ ಮೈಕ್ ಹಚ್ಚಲು ಹೋಗಿಬಿಟ್ಟ. ನಾನೊಬ್ಬನೇ ಫೋನು ಹಚ್ಚಿದೆ. ಇನ್ನು ಮುಂದಿನದನ್ನು ಕೇಳಿ ನೀನು ನಗಬಾರದು, ಆಣೆ ಅದ.

ಆ ಪುಣ್ಯಾತ್ಮ ಎತ್ತಿದವನೇ ಕೇಳಿದ: "ಹಮ್ ಆರಾ ಕ್ಯಾ?" ನಾವು ಬರೋಣೇನು ಅಂತ ಕೇಳುತ್ತಿದ್ದಾನೆ ಅಂದುಕೊಂಡೆ. ಎಂಥ ಮನುಷ್ಯ! ಕರೆಯುವ ಮೊದಲೇ ಹೊರಟು ನಿಂತ! "ಆವೋ ಹುಜೂರ್, ಜರೂರ್ ಆವೋ, ಬಾಲಬಚ್ಚೇ ಸಮೇತ ಆವೋ!" ಎಂದು ಗರ್ಜಿಸಿದೆ. ಅವನು ತಡವರಿಸಿ, "ಕಾಂ ಸೆ ಆರಾ?" ಅಂದ. ಎಲ್ಲಿಂದ ಬರುವುದು, ದಾರಿ ಯಾವುದು ಅಂತ. "ಹುಮನಾಬಾದ್ ಸೆ!" ಅಂದೆ. ಹೈದರಾಬಾದಿನಿಂದ ಬರುವವರಿಗೆ ಬೇರೆ ದಾರಿ ಎಲ್ಲಿದೆ? ಫೋನು ಕಟ್ಟಾಯಿತು. ನಾನು ಸೊಂಟ ಕಟ್ಟಿ ನಿಂತೆ. ಹೂರಣ ರುಬ್ಬಿ (ನಿನ್ನ ಮಿಕ್ಸರಿನಲ್ಲೇ, ನಸೀರನ ಮನೆಯಲ್ಲಿ) ಹೋಳಿಗೆ ತಟ್ಟಿದೆ. ಒಂದೊಂದೂ ಒಂದೊಂದು ದೇಶದ ನಕಾಶೆಯಂತಾದವು. ಹಾರ ಹಿಡಿದು ಬಸ್‌ಸ್ಟ್ಯಾಂಡಿನಲ್ಲಿ ಸಂಜೆಯ ತನಕ ನಿಂತೆ. ಹೈದರಾಬಾದಿನ ಬಸ್ಸಿನಿಂದ ಇಳಿದ ಒಬ್ಬ ಗೊಬ್ಬರದ ಏಜೆಂಟನಿಗೆ ಹಾರವನ್ನೂ ಹಾಕಿದೆ. ಮುಡಬಿಯಿಂದ ಇಳಿದ ನಸೀರ್ ಅದನ್ನು ನೋಡಿ, ಕಥೆ ಕೇಳಿ, ಅಲ್ಲೇ ಫುಟ್‌ಪಾತಿನ ಮೇಲೆ ಕೂತು ನಕ್ಕ. "ರಾಜಾಸಾಬ್, ಹಮ್ ಅಂದ್ರ ನಾವು ಅಲ್ರೀ! ನಮ್ಮ ಧಂಧೇದಾಗ ಗುಂಯ್ ಅನ್ನೂದಕ್ಕ ಹಮ್ ಅಂತಾರ! ಗುಂಯ್ ಬರಾಕತ್ತದೇನು ಅಂತ ಕೇಳ್ಯಾನ ಅಂವಾ!"

ಎರಡನೇ ಸಲ ನಸೀರನೇ ಮಾತಾಡಿದ. ಜಹೀರುದ್ದೀನ್ ಕೇಳಿದ್ದು ಒಂದೇ ಪ್ರಶ್ನೆ: ಯಾವ ಸಾಮಾನಿಗೆ ಯಾವ ಕಡೆಯ ಕರೆಂಟು? ಮಿಕ್ಸರಿಗೆ ನಮ್ಮ ಮನೆಯದು, ಲ್ಯಾಪ್‌ಟಾಪಿಗೆ ನಸೀರನ ಮನೆಯದು. ಅದೇ ರೋಗವಂತೆ! ಎರಡು ಮನೆಯ ಅರ್ಥಿಂಗ್ ಹಿಡಿದ ಸಾಮಾನು ಒಂದಕ್ಕೊಂದು ಕೂಡಿದರೆ ಗುಂಯ್ ಅನ್ನದೆ ಇನ್ನೇನು ಅಂದೀತು? ಉದ್ದ ಬೋರ್ಡು ತಂದು ಎಲ್ಲವನ್ನೂ ನಮ್ಮ ಒಂದೇ ಪ್ಲಗ್ಗಿಗೆ ಹಚ್ಚಿದೆವು. ಸವತಿ ಸತ್ತಳು. ಎಂಥ ಮೌನ, ವಿದ್ಯಾ! ಹಲ್ಲಿಯ ಉಸಿರು ಕೇಳಿಸಿತು.

ಕೂಡಲೇ ನನ್ನ ಪ್ರವೇಶದ ಮಾತು ಹೊಡೆದೆ. ಲ್ಯಾಪ್‌ಟಾಪಿನ ಪರದೆಯ ಮೇಲೆ ನನ್ನ ದನಿಯ ಗೆರೆ ನಮ್ಮ ಕಲ್ಯಾಣದ ಕೋಟೆಗೋಡೆಯಂತೆ ಎದ್ದು ನಿಂತಿತು. ಆಮೇಲೆ ರಾಣಿಯ ಮಾತು ಬರಬೇಕು. ಅಲ್ಲಿ ಒಂದು ಸಪಾಟು ಗೆರೆ. ನಸೀರ್ ತಾನು ತುಂಬುತ್ತೇನೆಂದು ಗಡ್ಡ ನೇವರಿಸಿ, ಸಣ್ಣ ದನಿ ಮಾಡಿ "ಪ್ರಾಣಕಾಂತಾ" ಅಂದ. ಈಕ್ವಲೈಜರಿನ ಗುಂಡಿಗಳನ್ನೆಲ್ಲ ತಿರುವಿದೆ. ಗಡ್ಡ ಹೋಗಲಿಲ್ಲ. ಅಳಿಸಿದೆವು. ಈಗ ಕೋಟೆಯ ಪಕ್ಕ ಆ ಗೆರೆ ಹಾಗೇ ಅದ. ಸವತಿ ಹೋದರೂ ಮನೆಯಲ್ಲಿ ನಿನ್ನ ಸಪ್ಪಳವಿಲ್ಲ ಅಂದರೆ ಏನರ್ಥ, ನೀನೇ ಹೇಳು.

ನಾಗನಾಥನಿಗೆ ಶರಣು, ಸತ್ಯಮ್ಮನ ಗಂಟಲಿಗೆ ಜಯವಾಗಲಿ, ಮನೆಯ ಮಕ್ಕಳೆಲ್ಲ ನೂರು ವರ್ಷ ಬಾಳಲಿ.

ರಾಜ್ಯವಿದ್ದೂ ರಾಣಿಯಿಲ್ಲದ,
ವೀರಭದ್ರಪ್ಪ

ತಾ.ಕ.: ನಸೀರ್ ಹುಮನಾಬಾದಿಗೆ ಮೈಕ್ ಹಚ್ಚಲು ಹೊರಟಿದ್ದಾನೆ, ಅವನ ಕೈಯಲ್ಲೇ ಈ ಕಾಗದ, ಹಾರ್ನ್ ಹೊಡೆಯುತ್ತಿದ್ದಾನೆ, ಅವಸರ. ನಿನ್ನ ಮಿಕ್ಸರ್ ಅದೇ ಬೋರ್ಡಿಗೆ ಹಚ್ಚಿ ನೋಡಿದೆ. ಅದು ತಿರುಗಿದರೆ ನನ್ನ ರೆಕಾರ್ಡಿಂಗಿನಲ್ಲಿ ಗುರ್ರ್ ಅನ್ನುತ್ತದೆ. ಎರಡೂ ಒಮ್ಮೆಲೇ ನಡೆಯವು. ಆದ್ದರಿಂದ ರಾಜಾಜ್ಞೆ: ಮೊದಲು ನಿನ್ನ ಹಿಂಡಿ, ಆಮೇಲೆ ನನ್ನ ನಾಟಕ. ನೀನು ಅಲ್ಲಿ, ನಾನು ಇಲ್ಲಿ, ಈ ಎರಡು ಮನಿ ಕರೆಂಟು ಇನ್ನು ಸಾಕು. ನಾಳೆ ಮುಂಜಾನೆ ಮೊದಲ ಬಸ್ಸಿಗೆ ಹೊರಟು ಬಂದು ಕದ ಬಡಿಯುತ್ತೇನೆ. ಯಾರು ಎಂದು ಒಳಗಿಂದ ಕೇಳು, ಓಣಿಗೆಲ್ಲ ಕೇಳುವ ಹಾಗೆ ಹೇಳುತ್ತೇನೆ: ಹಮ್ ಆರಾ!