ಮಹಾದೇವಿಯ ಕುಬಸ

ಸೆಪ್ಟೆಂಬರ್ 11, ಬುಧವಾರ

ಇವರು ಡಬ್ಬಿ ತೆಗೆದುಕೊಂಡು ಹೊರಟರು. ಮುಂಬಯಿಯ ಈ ತುದಿಯ ದಹಿಸರ್‌ನಿಂದ ವಿಕ್ರೋಳಿಯ ಆಫೀಸಿಗೆ ದಿನಾ ಓಡಾಟ. ರಿಟೈರ್ ಆಗಲು ಇನ್ನೂ ಹದಿನಾಲ್ಕು ತಿಂಗಳು. ನನ್ನದು ಮುಗಿದು ಎರಡು ವರ್ಷ. ಬೆಕ್ಕುಗಳಿಗೆ, ಚಕ್ಕುಲಿಗೂ ಮುನಿಯಮ್ಮನಿಗೂ, ಹಾಲು ಹಾಕಿ, ಕುಕ್ಕರ್ ಇಟ್ಟು, ಕಿಟಕಿಯ ಪಕ್ಕ ಹೆಣಿಗೆ ಹಿಡಿದು ಕೂತೆ. ಮೈಸೂರಿನ ತಂಗಿಗೆ ಸ್ವೆಟರ್. ಬೆನ್ನಿನ ಭಾಗ ಮುಗಿದಿದೆ. ಚಕ್ಕುಲಿ ಎಂದಿನಂತೆ ಉಲ್ಲನ್ ಉಂಡೆಯನ್ನು ಸುತ್ತಿಕೊಂಡು ಮಲಗಿದ. ಎಳೆ ಬೇಕಾದರೆ ಅವನ ಹೊಟ್ಟೆಯ ಅಡಿಯಿಂದ ಎಳೆದುಕೊಳ್ಳಬೇಕು. ಮುನಿಯಮ್ಮ ಕಪಾಟಿನ ಮೇಲೆ ಕೂತು ನಮ್ಮಿಬ್ಬರನ್ನೂ ಸಹಿಸಿಕೊಂಡಳು.

ಹನ್ನೊಂದಕ್ಕೆ ಬೆಲ್. ಮಹಾದೇವಿ.

ಎಂಟು ವರ್ಷದಿಂದ ನಮಗೆ ಜೋಳದ ರೊಟ್ಟಿ ಕೊಡುವವಳು. ಕಲಬುರಗಿ ಕಡೆಯವಳು, ಎದುರಿನ ಚಾಳಿನಲ್ಲೇ ಮನೆ. ಮಾರ್ಚಿನಲ್ಲಿ ಆಪರೇಷನ್ ಆಯಿತು. ಎಡಗಡೆಯ ಎದೆ ಪೂರ್ತಿ ತೆಗೆದರು. ಆಮೇಲೆ ರೊಟ್ಟಿ ಮಗಳು ಶಿವಕುಮಾರಿಯ ಕೈಯಲ್ಲೇ ಬರುತ್ತಿತ್ತು. ಇವರು ಎರಡು ಸಲ ಆಸ್ಪತ್ರೆಗೆ ಹೋಗಿ ನೋಡಿಕೊಂಡು ಬಂದರು. ನಾನು ಹೋಗಲಿಲ್ಲ. ಸೊಂಟ ನೋವು ಎಂದೆ. ಸೊಂಟದಲ್ಲಿ ಏನೂ ಇರಲಿಲ್ಲ.

“ಮಗಳಿಗಿ ಪರೀಕ್ಷಿ ಅದರಿ ಅಕ್ಕೋರ. ಅದಕ ನಾನೇ ಬಂದೆ.”

ಸೆರಗು ಎರಡು ಸುತ್ತು. ಬಲಗೈ ಎದೆಯ ಮೇಲೆ ಅಡ್ಡ. ಕೂರು ಎಂದರೆ ಕೂರಲಿಲ್ಲ. ಬಾಗಿಲಲ್ಲೇ ನಿಂತು ಮಾತಾಡಿದೆವು — ಮಳೆ, ಹಿಟ್ಟು, ಶಿವಕುಮಾರಿಯ ಕಾಲೇಜು. ಕೇಳಬೇಕಾದ್ದನ್ನು ಕೇಳಲಿಲ್ಲ.

ಸೆಪ್ಟೆಂಬರ್ 20

ಇವತ್ತು ಕೂತಳು. ಚಹಾ ಕುಡಿದಳು. ಮುನಿಯಮ್ಮ ಯಾರ ಹತ್ತಿರವೂ ಹೋಗದವಳು, ಕಪಾಟಿನಿಂದ ಇಳಿದು ಅವಳ ತೊಡೆಯ ಮೇಲೆ ಮಲಗಿದಳು.

ಕೇಳಿದೆ — ಫೋರ್ಟಿಗೆ ಮತ್ತೆ ಹೋಗುತ್ತೀಯೇನಮ್ಮ? ಊರಿನ ಆ ತುದಿ ಅದು, ಅಲ್ಲಿಯ ಒಂದು ಕ್ಯಾಂಟೀನಿಗೆ ವಾರಕ್ಕೆ ಮೂರು ದಿನ ಒಣಗಿಸಿದ ಕಟಕ ರೊಟ್ಟಿ ಒಯ್ಯುತ್ತಿದ್ದಳು. ಬೆಳಗಿನ ಲೋಕಲ್, ಲೇಡೀಸ್ ಡಬ್ಬಿ. ನಾನು ಆಫೀಸಿಗೆ ಹೋಗುವಾಗ ಒಟ್ಟಿಗೇ ಹತ್ತುತ್ತಿದ್ದೆವು.

ಬೆಕ್ಕಿನ ಬೆನ್ನು ಸವರುತ್ತ ಹೇಳಿದಳು.

“ಜುಲೈದಾಗ ಒಮ್ಮಿ ಹೋಗಿದ್ನಿರಿ. ಎಡಗಡಿ ಹಳೇ ಸೀರಿ ತುಂಡು ಮಡಚಿ ಇಟ್ಕೊಂಡಿದ್ದೆ. ಬೋರಿವಲಿದಾಗ ಗರ್ದಿ ನುಗ್ತು. ಅಂಧೇರಿ ಬರೋದ್ರಾಗ ಆ ತುಂಡು ಸರದು ಸರದು ಕುತ್ತಿಗಿ ತನಕ ಬಂದಿತ್ತು. ಎದುರಿಗಿನ ಕಾಲೇಜ್ ಹುಡುಗಿ ಅಂದ್ಳು — ಆಂಟಿ, ಆಪ್ ಕಾ ಕುಛ್ ನಿಕಲ್ ರಹಾ ಹೈ. ನಿಮ್ದೇನೋ ಹೊರಗ ಬರ್ಲಾಕತ್ತದ ಅಂತ. ಪಾಪ, ಒಳ್ಳೆ ಮನಸಿಂದನೇ ಅಂದ್ಳು. ಎಲ್ಲಾರೂ ನೋಡಿದ್ರು.”

“ಆಮೇಲೆ?”

“ಇಳದೆ. ರೊಟ್ಟಿ ಚೀಲ ಸ್ಟೇಷನ್ ಬಾಕಿನ ಮ್ಯಾಲ ಬಿಟ್ಟು ತಿರುಗಿ ಬಂದೆ. ಅವತ್ತಿನಿಂದ ಗಾಡಿ ಹತ್ತಿಲ್ರಿ.”

ಆಸ್ಪತ್ರೆಯಲ್ಲಿ ರಬ್ಬರಿನಂಥದ್ದು ಒಂದು ಕೊಟ್ಟಿದ್ದಾರಂತೆ. ಒಲೆಯ ಮುಂದೆ ಕೂತರೆ ಅದರ ಅಡಿಯ ಮೈಯೆಲ್ಲ ಬೆವರಿ ಬೊಕ್ಕೆ ಏಳುತ್ತದೆ. ಟ್ರಂಕಿನಲ್ಲಿದೆ.

ಅವಳು ಹೋದ ಮೇಲೆ ತಂಗಿಯ ಸ್ವೆಟರ್ ಹಿಡಿದು ಸುಮ್ಮನೆ ಕೂತಿದ್ದೆ. ಮುಂಬಯಿಯ ಸೆಕೆಯಲ್ಲಿ ಕೂತು ಮೈಸೂರಿಗೆ ಉಣ್ಣೆ ಹೆಣೆಯುವವಳು ನಾನು.

ಸೆಪ್ಟೆಂಬರ್ 21. ಬೆಳಗ್ಗೆ 6

ಹತ್ತಿ ನೂಲು. ಉಣ್ಣೆಯಲ್ಲ, ಹತ್ತಿ. ಮೈಗೆ ಅಂಟಿ ನಿಲ್ಲುವ, ತೋಳಿಲ್ಲದ ಒಳರವಿಕೆ. ಪೂರ್ತಿ ರಿಬ್, ಹಿಗ್ಗುವ ಗೀರುಗೀರಿನ ಹೆಣಿಗೆ. ಎಡಗಡೆ ಒಳಗೆ ಒಂದು ಜೇಬು. ಜೇಬಿನೊಳಗೆ ಹೆಣೆದದ್ದೇ ಒಂದು ಉಂಡೆ. ಮೈಯಳತೆಗಿಂತ ಎರಡು ಇಂಚು ಕಡಿಮೆ ಹೆಣೆದರೆ ಹಿಗ್ಗಿ ಹಿಡಿದುಕೊಳ್ಳುತ್ತದೆ. ಸರಿಯುವುದಿಲ್ಲ.

ಇವರಿಗೆ ಹೇಳಿದೆ. ಪೇಪರಿನಿಂದ ತಲೆ ಎತ್ತಲಿಲ್ಲ. “ಅವಳನ್ನ ಕೇಳಿದ್ಯಾ?” ಎಂದರು.

ಸೆಪ್ಟೆಂಬರ್ 23

ಕೇಳಿದೆ. ಅವಳು, “ಕುಬಸ ಹೆಣಿತೀರೇನ್ರಿ?” ಅವರ ಕಡೆ ರವಿಕೆಗೆ ಕುಬಸ ಅನ್ನುತ್ತಾರೆ.

ಅಳತೆ ತೆಗೆದುಕೊಳ್ಳಲೇ ಎಂದೆ. ಬೇಡ, ಹಳೇ ಕುಬಸ ಕಳಿಸುತ್ತೇನೆ ಎಂದಳು. ನನಗೂ ಅದೇ ಒಳ್ಳೆಯದು ಅನ್ನಿಸಿತು. ಏಕೆ ಹಾಗೆ ಅನ್ನಿಸಿತು ಎಂದು ಬರೆಯಲು ಇಷ್ಟವಿಲ್ಲ.

ಅಕ್ಟೋಬರ್ 2

ರಜೆ. ಇವರು ಮನೆಯಲ್ಲಿ. ನೂರ ಎಂಬತ್ನಾಲ್ಕು ಸ್ಟಿಚ್ ಹಾಕಿದೆ, ಉದ್ದ ವೈರಿನ ಕಡ್ಡಿಯ ಮೇಲೆ, ಸುತ್ತು ಸುತ್ತಾಗಿ. ಎರಡು ಉಲ್ಟಾ ಎರಡು ಸೀದಾ. ಹತ್ತಿ ಉಣ್ಣೆಯಂತಲ್ಲ, ತಪ್ಪನ್ನು ಮುಚ್ಚಿಕೊಳ್ಳುವುದಿಲ್ಲ. ಚಕ್ಕುಲಿಗೆ ಆ ವೈರಿನ ಮೇಲೆ ದ್ವೇಷ. ಒಂದು ಕಡೆ ಹಲ್ಲಿನ ಗುರುತು ಬಿದ್ದಿದೆ.

ಅಕ್ಟೋಬರ್ 9

ಉಂಡೆಗೆ ತೂಕ ಬೇಕು. ಬರೀ ಹತ್ತಿ ತುಂಬಿದರೆ ಮೇಲಕ್ಕೆ ಏರುತ್ತದೆ. ಮಹಾದೇವಿಯೇ ಉಪಾಯ ಹೇಳಿದಳು — ನಡುವೆ ಜೋಳ ತುಂಬಿ. ತುಂಬಿದೆ. ತಕ್ಕಡಿಯಲ್ಲಿ ತೂಗಿದೆವು. ಕೈಯಲ್ಲಿ ಹಿಡಿದಳು. “ಹಿಂಗೇ ಇತ್ರಿ,” ಎಂದಳು.

ಅಕ್ಟೋಬರ್ 17

ಜೋಳಕ್ಕೆ ಹುಳ.

ಈ ಊರಿನ ಹವೆಯಲ್ಲಿ ಎಂಟು ದಿನ ಸಾಕಾಯಿತು. ಬಿಚ್ಚಿ, ತೊಳೆದು, ಕಿಟಕಿಯಲ್ಲಿ ಒಣಗಿಸಿದೆ. ಮಧ್ಯಾಹ್ನ ಮಹಾದೇವಿ ಬಂದಾಗ ಹೊಸದಾಗಿ ಹತ್ತಿ ತುಂಬಿದ ಉಂಡೆ ಮೇಜಿನ ಮೇಲಿತ್ತು. ಮಾತಾಡುತ್ತಿದ್ದೆವು. ನೋಡಿದರೆ ಇಲ್ಲ. ಮುನಿಯಮ್ಮ ಅದನ್ನು ಬಾಯಲ್ಲಿ ಕಚ್ಚಿಕೊಂಡು, ಮರಿಯನ್ನು ಒಯ್ಯುವ ಹಾಗೆ ತಲೆ ಎತ್ತಿ, ಮೆಲ್ಲಗೆ ಮಂಚದ ಅಡಿಗೆ ಹೋಗುತ್ತಿದ್ದಾಳೆ. ಅವಳಿಗೆ ಮರಿಯಾಗದ ಹಾಗೆ ಆಪರೇಷನ್ ಮಾಡಿಸಿ ಆರು ವರ್ಷ. ಮರಿ ಹಾಕಿದ್ದು ಒಂದೇ ಸಲ.

ಬಗ್ಗಿ ನೋಡಿದೆವು. ಉಂಡೆಯನ್ನು ಹೊಟ್ಟೆಗೆ ಒತ್ತಿಕೊಂಡು ನೆಕ್ಕುತ್ತಿದ್ದಳು.

ಮಹಾದೇವಿ ನಗತೊಡಗಿದಳು. ನೆಲಕ್ಕೆ ಕೈಯೂರಿ ಕೂತು ನಕ್ಕಳು. “ನನ್ನ ಮೊಲಿ ಕದ್ದಳಲ್ರಿ ಇಕಿ.” ನಗುತ್ತ ಕಣ್ಣು ಒರೆಸಿಕೊಂಡಳು. ಆಮೇಲೆ ನಗುವಿಲ್ಲದೆ ಒರೆಸಿಕೊಂಡಳು. ನಾನು ಪಕ್ಕದಲ್ಲಿ ಕೂತೆ. ಬೆನ್ನ ಮೇಲೆ ಕೈ ಇಡಬಹುದಿತ್ತು. ಇಟ್ಟೆ, ಸ್ವಲ್ಪ ಹೊತ್ತಾದ ಮೇಲೆ.

ಅಕ್ಟೋಬರ್ 29

ದೀಪಾವಳಿ ಕೆಲಸ. ಮೀನಿನ ತೊಟ್ಟಿಗೆ ಹಾಕುವ ನುಣುಪು ಕಲ್ಲು ಸಿಕ್ಕಿತು, ಬೋರಿವಲಿಯಲ್ಲಿ. ಕುದಿಸಿ ತೊಳೆದು, ಸಣ್ಣ ಬಟ್ಟೆ ಚೀಲಕ್ಕೆ ಹೊಲಿದು, ಹತ್ತಿಯ ನಡುವೆ ಇಟ್ಟೆ. ತೂಕ ಸರಿಯಾಗಿದೆ. ಹುಳ ಬರುವುದಿಲ್ಲ.

ನವೆಂಬರ್ 8, ಶುಕ್ರವಾರ

ಮುಗಿಯಿತು. ಕಂಕುಳ ಅಂಚು ಎರಡು ಸಲ ಬಿಚ್ಚಿ ಹಾಕಿದ್ದೆ. ನನ್ನ ಕೈಯಿಂದ ಇಷ್ಟು ಸಮವಾದ ಹೆಣಿಗೆ ಬಂದದ್ದಿಲ್ಲ. ಇವರಿಗೆ ತೋರಿಸಿದೆ. “ಚೆನ್ನಾಗಿದೆ, ಪ್ರಿಯಂವದಾ,” ಎಂದರು. ಪೂರ್ತಿ ಹೆಸರು ಕರೆಯುವುದು ಅಪರೂಪ.

ನವೆಂಬರ್ 9

ಆಗಲಿಲ್ಲ.

ಒಳಕೋಣೆಯಲ್ಲಿ ಹಾಕಿಕೊಂಡು, ಮೇಲೆ ಸೆರಗು ಹೊದ್ದು ಬಂದಳು. ಮುಖ ನೋಡಿಯೇ ಗೊತ್ತಾಯಿತು. ಎಡಗಡೆ ಕಂಕುಳು ಕತ್ತರಿಸುತ್ತದೆ. ಜೇಬು ಅದರ ಜಾಗದಲ್ಲಿಲ್ಲ. ಕೈ ಎತ್ತಿದರೆ ಉಂಡೆ ಪಕ್ಕಕ್ಕೆ ತಿರುಗುತ್ತದೆ.

“ಚಲೋ ಅದರಿ, ಚಲೋ ಅದ,” ಎಂದಳು.

ನನಗೆ ಸಿಟ್ಟು ಬಂತು. ಅವಳ ಮೇಲಲ್ಲ. ಆದರೂ ದನಿ ಏರಿತು. “ಹಳೇ ರವಿಕೆ ಅಳತೆಗೆ ಮಾಡಿದ್ದೀನಿ. ಸರಿಯಾಗೇ ಇರಬೇಕಲ್ಲ.”

ನನ್ನ ಕಡೆ ತಿರುಗಿದಳು.

“ಅಕ್ಕೋರ, ಆ ಕುಬಸದಾಗಿನ ಹೆಂಗಸು ಈಗ ಇಲ್ರಿ.”

ಕಿಟಕಿಯ ಪರದೆ ಎಳೆದಳು. ಸೆರಗು ಇಳಿಸಿದಳು. ನಾನು ಹೆಣೆದದ್ದನ್ನು ತಲೆಯ ಮೇಲಿಂದ ತೆಗೆದಳು.

“ನೋಡ್ರಿ. ಮೊದಲ ನೋಡ್ರಿ, ಆಮ್ಯಾಲ ಹೆಣೀರಿ.”

ನೋಡಿದೆ. ಎದೆಯ ನಡುವಿನಿಂದ ಕಂಕುಳವರೆಗೆ ಓರೆಯಾಗಿ ಒಂದು ಗೆರೆ. ಅಲ್ಲಲ್ಲಿ ಹೊಳೆಯುವ ಚರ್ಮ. ಅದರ ಕೆಳಗೆ ಪಕ್ಕೆಲುಬು ಎಣಿಸಬಹುದು. ಎಡತೋಳು ಬಲತೋಳಿಗಿಂತ ದಪ್ಪ — ಗಡ್ಡೆ ಜೊತೆ ಕಂಕುಳಿನದ್ದೂ ಏನೋ ತೆಗೆದರಂತೆ, ಅಂದಿನಿಂದ ಊತ. ಇಷ್ಟು ದಿನ ಅದೇ ಕೈಯಲ್ಲಿ ರೊಟ್ಟಿ ತಟ್ಟಿದ್ದಾಳೆ. ಅದೇ ರೊಟ್ಟಿ ತಿಂದಿದ್ದೇನೆ.

“ಸಂಗಪ್ಪ?” ಎಂದೆ. ಅವಳ ಗಂಡ. ಬಿಲ್ಡಿಂಗ್ ಕೆಲಸದಲ್ಲಿ ಆಳುಗಳ ಮುಕಾದಮ.

“ಅಂವ ನೋಡ್ತಾನ್ರಿ. ಡ್ರೆಸಿಂಗ್ ಅಂವನೇ ಮಾಡ್ಯಾನ. ಹೆಂಗಸರು ಯಾರೂ ನೋಡಿಲ್ಲ. ಮಗಳಿಗೂ ತೋರಿಸಿಲ್ಲ.”

ಟೇಪ್ ತಂದೆ. ಕೈ ತಣ್ಣಗಿತ್ತು, ಉಜ್ಜಿ ಬಿಸಿ ಮಾಡಿಕೊಂಡೆ. ನೋಯುತ್ತದೆಯೇ ಎಂದರೆ, ಅಲ್ಲಿ ಏನೂ ಗೊತ್ತಾಗುವುದಿಲ್ಲ, ಇಲ್ಲಿ ಗೊತ್ತಾಗುತ್ತದೆ ಎಂದು ಬೆರಳಿಟ್ಟು ತೋರಿಸಿದಳು. ಇಪ್ಪತ್ತೊಂದು ಅಳತೆ ಬರೆದುಕೊಂಡೆ. ಚಕ್ಕುಲಿ ಟೇಪಿನ ತುದಿ ಹಿಡಿದು ಎಳೆಯುತ್ತಿದ್ದ.

ಬಟ್ಟೆ ಹಾಕಿಕೊಂಡ ಮೇಲೆ ಹೇಳಿದೆ — ಆಸ್ಪತ್ರೆಗೆ ನಾನು ಬರಲಿಲ್ಲ. ಸೊಂಟ ನೋವಲ್ಲ. ಹೆದರಿಕೆ.

“ಗೊತ್ತಿತ್ರಿ,” ಎಂದಳು.

ನವೆಂಬರ್ 10

ಬಿಚ್ಚಿದೆ. ಐದು ವಾರದ ಕೆಲಸ, ಒಂದು ಗಂಟೆ. ಇವರು ಎರಡು ಕೈ ಚಾಚಿ ಕೂತರು, ನೂಲು ಸುತ್ತಲು. ಬೆಕ್ಕುಗಳಿಗೆ ಹಬ್ಬ.

ನವೆಂಬರ್ 21

ಈ ಸಲ ಎಡ ಬಲ ಒಂದೇ ಅಲ್ಲ. ಎಡಕ್ಕೆ ಕಡಿಮೆ ಸ್ಟಿಚ್, ಬಲಕ್ಕೆ ಹೆಚ್ಚು. ಬಲ ಎದೆಯ ಕೆಳಗೆ ಅರ್ಧ ಸಾಲು ಹೋಗಿ ತಿರುಗಿ ಬರಬೇಕು, ಅಲ್ಲಿ ಮಾತ್ರ ಉಬ್ಬು ಬರುವ ಹಾಗೆ. ಎಡ ಕಂಕುಳು ಅಗಲ, ಅಂಚು ಮೆತ್ತಗೆ. ಪುಸ್ತಕದಲ್ಲಿ ಇದು ಎಲ್ಲೂ ಇಲ್ಲ. ಬೆಕ್ಕುಗಳೇನೋ ಎಂತಹ ಸಂದಿಯಲ್ಲೂ ಮೈ ಹೊಂದಿಸಿಕೊಂಡು ಮಲಗುತ್ತವೆ. ನನಗೆ ಪ್ರತಿ ಸಾಲಿಗೂ ಲೆಕ್ಕ.

ನವೆಂಬರ್ 27

ಶಿವಕುಮಾರಿ ಓಡಿ ಬಂದಳು. “ಆಂಟಿ, ಮಮ್ಮಿ ಕೋ ಬಹುತ್ ಬುಖಾರ್ ಹೈ... ಜ್ವರ... ಕೈ ಕೆಂಪು ಆಗ್ಯದ.” ಸಂಗಪ್ಪ ಸೈಟಿನಲ್ಲಿದ್ದಾನೆ. ಇವರು ವಿಕ್ರೋಳಿಯಲ್ಲಿ. ರಿಕ್ಷಾ ತರಿಸಿ

ಡಿಸೆಂಬರ್ 6

ಒಂಬತ್ತು ದಿನ ಏನೂ ಬರೆದಿಲ್ಲ.

ಊದಿದ ಕೈಗೆ ಇನ್‌ಫೆಕ್ಷನ್. ಐದು ದಿನ ಅಡ್ಮಿಟ್. ಈ ಸಲ ನಾನೇ ಕರೆದುಕೊಂಡು ಹೋದೆ. ಹಗಲು ನಾನು, ರಾತ್ರಿ ಶಿವಕುಮಾರಿ. ಹಾಸಿಗೆಯ ಪಕ್ಕ ಕೂತು ಹೆಣೆದೆ. ಸ್ಕ್ಯಾನ್ ಬೇಕು ಎಂದರು. ರಿಪೋರ್ಟ್ ಬರಲು ಎರಡು ದಿನ ಬೇಕಾಯಿತು. ನಾನು ಸಾಲು ಎಣಿಸುತ್ತಿದ್ದೆ, ಮೂರು ಸಲ ತಪ್ಪಿತು. ಬೇರೆಲ್ಲೂ ಹರಡಿಲ್ಲ. ಇದನ್ನು ಕೇಳಿ ಆಕೆ ಗೋಡೆಯ ಕಡೆ ತಿರುಗಿ ಮಲಗಿದಳು. ಸ್ವಲ್ಪ ಹೊತ್ತಿಗೆ ಗೊರಕೆ.

ಒಂದು ಸಂಜೆ ಶಿವಕುಮಾರಿ ಹೆಣಿಗೆ ನೋಡಿ ಇದೇನು ಎಂದಳು. ನಾನು ಮಹಾದೇವಿಯ ಮುಖ ನೋಡಿದೆ. ಅವಳೇ ಹೇಳಿದಳು, ಎಲ್ಲ. ಹುಡುಗಿ ಕೇಳಿಸಿಕೊಂಡಳು. ಕೊನೆಗೆ, “ಮಮ್ಮಿ, ನಾನು ನೋಡಬಹುದಾ?” ಎಂದಳು, ಬಿಡಿಬಿಡಿಯಾಗಿ, ಕನ್ನಡದಲ್ಲೇ. ನಾನು ಚಹಾ ತರುವ ನೆಪ ಮಾಡಿ ಹೊರಗೆ ಹೋದೆ.

ಡಿಸೆಂಬರ್ 28

ಮುಗಿಯಿತು. ಹಾಕಿಕೊಂಡಳು. ಕೈ ಎತ್ತಿದಳು, ಬಗ್ಗಿದಳು, ಮಂಚದ ಅಡಿಯಿಂದ ಮುನಿಯಮ್ಮನನ್ನು ಎಳೆದು ಎತ್ತಿಕೊಂಡಳು. ಉಂಡೆ ಅಲ್ಲಾಡಲಿಲ್ಲ. ಕನ್ನಡಿಯ ಮುಂದೆ ಪಕ್ಕಕ್ಕೆ ತಿರುಗಿ ನಿಂತಳು. ನಾನು ಬೆನ್ನ ಹಿಂದೆ.

“ಗಾಡಿದಾಗ ನೋಡಬೇಕ್ರಿ,” ಎಂದಳು. ಹೊಗಳಲಿಲ್ಲ. ಸರಿಯಾದ ಮಾತು.

ಜನವರಿ 8, ಬುಧವಾರ. ಸಂಜೆ

ಹೋಗಿ ಬಂದೆವು.

ಬೆಳಗಿನ ಎಂಟರ ನಂತರದ ಗಾಡಿ. ಕಡಿಮೆ ಜನ ಇರುವಾಗ ಹೋಗೋಣ ಎಂದಿದ್ದೆ. “ಖಾಲಿ ಗಾಡಿದಾಗ ಸೀರಿ ತುಂಡೂ ನಿಲ್ತದರಿ,” ಎಂದಳು. ಬೋರಿವಲಿಯಲ್ಲಿ ನುಗ್ಗಿದರು. ಎರಡು ವರ್ಷದಲ್ಲಿ ನನಗೆ ಅಭ್ಯಾಸ ತಪ್ಪಿದೆ, ಉಸಿರು ಕಟ್ಟಿತು. ಅವಳು ಒಂದು ಕೈಯಲ್ಲಿ ರೊಟ್ಟಿ ಚೀಲ, ಇನ್ನೊಂದರಲ್ಲಿ ಮೇಲಿನ ಹಿಡಿ. ಬೆನ್ನಿಗೆ ಒಬ್ಬಳು, ಎದೆಗೆ ಒಬ್ಬಳು. ಕಾಂದಿವಲಿ, ಮಲಾಡ್. ನಾನು ಅವಳ ಎಡಗಡೆಯಿಂದ ಕಣ್ಣು ತೆಗೆಯಲಿಲ್ಲ.

“ಅಕ್ಕೋರ, ಹಂಗ ನೋಡಬ್ಯಾಡ್ರಿ. ಮಂದಿ ಏನ್ ತಿಳ್ಕೋತಾರ.”

ಅಂಧೇರಿಯಲ್ಲಿ ಇಳಿಯುವವರು, ಹತ್ತುವವರು. ಇಬ್ಬರೂ ಒಂದು ಸುತ್ತು ತಿರುಗಿದೆವು. ಅವಳ ಎದುರು ಮಗು ಎತ್ತಿಕೊಂಡ ಹೆಂಗಸು. ಮಗು ನಿದ್ದೆಗಣ್ಣಿನಲ್ಲಿ ಮುಂದಕ್ಕೆ ವಾಲಿ ಮಹಾದೇವಿಯ ಎಡ ಎದೆಗೆ ತಲೆ ಇಟ್ಟಿತು. ತಾಯಿ “ಸಾರೀ” ಎಂದು ಎಳೆದುಕೊಳ್ಳಲು ಹೋದಳು.

“ರಹನೇ ದೋ,” ಎಂದಳು ಮಹಾದೇವಿ, ಇರಲಿ ಬಿಡು ಎಂದು.

ದಾದರ್ ತನಕ ಹಾಗೇ ಮಲಗಿತ್ತು. ನಾನೂ ಮಹಾದೇವಿಯೂ ಪರಸ್ಪರ ನೋಡಲಿಲ್ಲ. ನೋಡಿದ್ದರೆ ನಾನು ಆ ಗರ್ದಿಯಲ್ಲೇ ಅತ್ತುಬಿಡುತ್ತಿದ್ದೆ.

ಫೋರ್ಟಿನ ಕ್ಯಾಂಟೀನಿನಲ್ಲಿ ದೂಜಣ್ಣ, ಅಲ್ಲಿಯ ಮಾಲೀಕ, ಚೀಲ ತೆಗೆದುಕೊಂಡು, “ಎಂತ ಮಾರಾಯ್ತಿ, ಎಷ್ಟು ತಿಂಗಳಾಯ್ತು? ನಿಮ್ಮ ರೊಟ್ಟಿ ಕೇಳಿ ಕೇಳಿ ಜನ ನನ್ನನ್ನು ತಿಂದುಬಿಟ್ರು,” ಎಂದ. ಆರಾಮ ಇರಲಿಲ್ಲ ಎಂದಳು. ಅಷ್ಟೇ. ಇಬ್ಬರೂ ಇಡ್ಲಿ ತಿಂದೆವು.

ಕಂಕುಳಲ್ಲಿ ಸ್ವಲ್ಪ ತುರಿಸುತ್ತದಂತೆ. ತೊಳೆದು ಹಾಕಲು ಇನ್ನೊಂದು ಬೇಕಂತೆ. ಈ ಸಲ ಬಣ್ಣದ್ದು.

ಜನವರಿ 12, ಭಾನುವಾರ. ಬೆಳಗ್ಗೆ 9

ಎಳ್ಳು ಹುರಿಯಬೇಕು, ಸಂಕ್ರಾಂತಿಗೆ ಎರಡೇ ದಿನ. ಹಾಲು ಒಲೆಯ ಮೇಲಿಟ್ಟು ಕಿಟಕಿಯ ಬಳಿ ಕೂತೆ. ಎರಡನೆಯದಕ್ಕೆ ಸ್ಟಿಚ್ ಹಾಕುತ್ತಿದ್ದೇನೆ. ಕಡು ಹಸಿರು, ಅವಳೇ ಆರಿಸಿದ್ದು.

ಎದುರು ಚಾಳಿನ ಗ್ಯಾಲರಿಯಲ್ಲಿ ಬಟ್ಟೆ ಒಣಗುತ್ತಿದೆ. ಸಂಗಪ್ಪನ ಬನಿಯನ್, ಶಿವಕುಮಾರಿಯ ಜೀನ್ಸ್, ಅವುಗಳ ನಡುವೆ ಬಿಸಿಲಿಗೆ ಸರಿಯಾಗಿ ನನ್ನ ಹೆಣಿಗೆ. ಎರಡು ಕ್ಲಿಪ್ಪು. ಒಳಗೆ ಎಲ್ಲೋ ಸೀರೆಯ ಅಡಿಯಲ್ಲಿ ಒಣಗಿಸುತ್ತಾಳೆ ಅಂದುಕೊಂಡಿದ್ದೆ. ಉಂಡೆಯೂ ಹೊರಗೇ ಇದೆ, ಕಟ್ಟೆಯ ಮೇಲೆ ಕಾಗದ ಹಾಸಿ.

ಪಕ್ಕದ ಮನೆಯ ಮರಾಠಿ ಹೆಂಗಸು ಬಕೆಟ್ ಹಿಡಿದು ಬಂದಳು. ನಿಂತಳು. ಬೆರಳು ತೋರಿಸಿ ಏನೋ ಕೇಳಿದಳು. ಇಲ್ಲಿಗೆ ಕೇಳಿಸುವುದಿಲ್ಲ. ಮಹಾದೇವಿ ಕ್ಲಿಪ್ಪು ಬಿಡಿಸಿ ಅದನ್ನು ಅವಳ ಕೈಗೇ ಕೊಟ್ಟಳು. ತನ್ನ ಎಡ ಎದೆ ಮುಟ್ಟಿ ಏನೋ ಹೇಳುತ್ತಿದ್ದಾಳೆ. ಆ ಹೆಂಗಸು ಬಕೆಟ್ ಕೆಳಗಿಟ್ಟಳು. ಜೇಬಿನೊಳಗೆ ಕೈ ಹಾಕಿ ನೋಡಿದಳು, ಮೆಲ್ಲಗೆ. ಈಗ ಇಬ್ಬರೂ ನನ್ನ ಕಿಟಕಿಯ ಕಡೆ ತಿರುಗಿ — ಮಹಾದೇವಿ ಕೈ ಬೀಸುತ್ತಿದ್ದಾಳೆ, ಎಡಗೈ, ತಲೆಗಿಂತ ಮೇಲೆ. ನಾನೂ

ಹಾಲು ಉಕ್ಕಿತು