ಎರಡು ಹೋಳು ಮಾವು

ಏಪ್ರಿಲ್ 14, ಸಂಜೆ 6.30
ಇವತ್ತು ಬೈಂಡಿಂಗ್ ಶಾಪಲ್ಲಿ ನಲವತ್ತು ಅಟ್ಲಾಸಿಗೆ ರಟ್ಟು ಹಾಕಿದೆ. ಉಗುರಿನ ಸಂದಿಯಲ್ಲೆಲ್ಲ ಅಂಟು. ಮನೆ ಬಾಗಿಲಲ್ಲೇ ಇವರು, "ಎಲ್ಲಿ, ಕೈ ಕೊಡು" ಅಂದರು. ಮೂಸಿದರು. ಮಾವಿನ ಕಾಲ ಬಂದರೆ ದಿನಾ ಇದೇ ತಪಾಸಣೆ. ನನಗೆ ಶುಗರ್ ಬಂದು ಐದು ವರ್ಷ. ಮಾವು ಒಂದು ಹೋಳೂ ಕೂಡದು ಅಂತ ಆಸ್ಪತ್ರೆಯಲ್ಲಿ ಅಂದಿದ್ದಾರಂತೆ. ಆವತ್ತು ಕಣ್ಣಿಗೆ ಡ್ರಾಪ್ಸ್ ಹಾಕಿ ನನ್ನನ್ನು ಹೊರಗೆ ಕೂರಿಸಿದ್ದರು. ಒಳಗೆ ಹೋಗಿ ಕೇಳಿಕೊಂಡು ಬಂದವರು ಇವರೇ.

"ಬರೀ ಅಂಟು. ಪಾಸ್!" ನಕ್ಕರು. ನಾನೂ ನಕ್ಕೆ. ಪಾಪ, ಎಷ್ಟು ಕಾಳಜಿ. ಆಮೇಲೆ ದೊಡ್ಡ ಲೋಟ ಕಿತ್ತಳೆ ಜ್ಯೂಸು, ಎರಡು ಚಮಚ ಜೇನು. "ಸಕ್ಕರೆ ಒಂದು ಕಾಳೂ ಹಾಕಿಲ್ಲ, ಕುಡಿ."

ಏಪ್ರಿಲ್ 29
ರಿಪೋರ್ಟ್ ಬಂತು. ಶುಗರ್ ಮತ್ತೆ ಏರಿದೆ.

"ನಿಜ ಹೇಳು, ಎಲ್ಲಿ ಕದ್ದು ತಿಂತೀಯ? ಬೈಂಡಿಂಗ್ ಶಾಪಲ್ಲಾ?"

ದೇವರಾಣೆ ಇಲ್ಲ ಅಂದೆ. ಬ್ಯಾಗು ಕೊಡವಿದರು. ಸೂಜಿ, ದಾರ, ಮೇಣದ ತುಂಡು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡ ಹಾಗೆ, ನಾನೂ ನನ್ನ ಬೆರಳು ಮೂಸಿಕೊಂಡೆ! ಮರೆತು ತಿಂದಿದ್ದೀನಾ? ಛೆ... ಏನು ಹುಚ್ಚು.

ಏಪ್ರಿಲ್ 30
ಅಕ್ಕ ನೆನಪಾದಳು. ಹೋದ ವರ್ಷ ಹಣ್ಣು ತಂದು, ತಾನೇ ಹೆಚ್ಚಿ ಮುಂದಿಟ್ಟಳು. "ಒಂದೇ ಹೋಳು ಕಣೇ, ನನಗೋಸ್ಕರ." ಇವರ ಮುಖ ನೋಡಿದೆ. ಬೇಡ ಅಂತ ತಲೆ ಅಲ್ಲಾಡಿಸಿದರು. ಅಕ್ಕ ತಟ್ಟೆ ಎತ್ತಿಟ್ಟಳು. ತಿಂಗಳೊಳಗೆ ತೀರಿಹೋದಳು.

ಮೇ 11, ಮಧ್ಯಾಹ್ನ
ಇವರಿಗೆ ಹಲ್ಲುನೋವು. ಮೊದಲ ಸಲ ಒಬ್ಬಳೇ ಆಸ್ಪತ್ರೆಗೆ. ಡಯಟ್ ಹೇಳುವಾಕೆ ದಿನವಿಡೀ ಏನೇನು ತಿನ್ನುತ್ತೀರಿ ಅಂದಳು. ಜ್ಯೂಸು, ಜೇನು ಅಂದದ್ದೇ ಪೆನ್ನು ಕೆಳಗಿಟ್ಟಳು.

"ಅಯ್ಯೋ, ಏರಿಸ್ತಿರೋದೇ ಅದು ಕಣಮ್ಮ! ಜೇನಾದ್ರೇನು, ಅದೂ ಸಕ್ಕರೇನೇ. ಹಣ್ಣು ಹಿಂಡಿದ್ರೆ ನಾರು ಹೋಯ್ತು, ಸಿಹಿ ಉಳೀತು."

ಮತ್ತೆ ಮಾವು?

"ಎರಡು ಹೋಳು ತಿನ್ನಿ, ಒಂದು ಸ್ಲೈಸ್ ಬ್ರೆಡ್ ಕಡಿಮೆ ಮಾಡಿ. ಆವತ್ತೇ ನಿಮ್ಮ ಯಜಮಾನ್ರಿಗೆ ಹೇಳಿದ್ನಲ್ಲ?"

ಹಳೇ ಫೈಲ್ ತೆಗೆದಳು. 'ಮಾವು — ಎರಡು ಹೋಳು.' ಕೆಳಗೆ ಇವರ ಸಹಿ. ಜ್ಯೂಸಿನ ಮಾತೇ ಅದರಲ್ಲಿಲ್ಲ. ಅದು ಇವರ ಸ್ವಂತ ಬುದ್ಧಿ.

ಮೇ 11, ಸಂಜೆ
ಕೇಳಿದೆ. ನೆನಪಿಲ್ಲ ಅಂದರು. ಸಹಿ ನೋಡಿದೆ ಅಂದೆ. ಊದಿದ ಕೆನ್ನೆ ಹಿಡಿದುಕೊಂಡೇ, "ಎರಡು ಅಂತ ಹೇಳಿದ್ರೆ ನೀನು ಎರಡಕ್ಕೆ ನಿಲ್ಲಿಸ್ತಿದ್ಯಾ? ನಿನ್ನ ಒಳ್ಳೇದಕ್ಕೇ ಕಣೇ..."

ಬೇಲಿಯೇ ಎದ್ದು ಹೊಲ ಮೇಯ್ದ ಹಾಗಾಯಿತು. ತಾವೇ ಏರಿಸಿ, ನನ್ನನ್ನು ಕಳ್ಳಿ ಮಾಡಿದರು. ಅದನ್ನಾದರೂ ನುಂಗಿಕೊಂಡೇನು. ಅಕ್ಕನ ಮುಂದೆ ಗೊತ್ತಿದ್ದೂ ಗೊತ್ತಿದ್ದೂ ತಲೆ ಅಲ್ಲಾಡಿಸಿದರಲ್ಲ, ಅದನ್ನು ಹೇಗೆ ನುಂಗಲಿ?

ಮೇ 19, ಬೆಳಗ್ಗೆ 10.20
ಎಂಟು ದಿನವಾಯಿತು. ಇವರು ಕೊಟ್ಟ ಜ್ಯೂಸನ್ನು ದಿನಾ ಸಿಂಕಿಗೆ ಸುರಿದೆ.

ಇವತ್ತು ಹಣ್ಣು ತಂದೆ. ಮೇಜಿನ ಮೇಲೆ, ಅವರೆದುರೇ ಹೆಚ್ಚಿದೆ. ತಿಂಡಿಯಲ್ಲಿ ಒಂದು ಸ್ಲೈಸ್ ಬ್ರೆಡ್ ಬಿಟ್ಟೆ. ಮೊದಲ ಹೋಳು ಬಾಯಿಗಿಟ್ಟಾಗ ಅಕ್ಕನ ತಟ್ಟೆ ಕಣ್ಮುಂದೆ ಬಂತು, ಅತ್ತುಬಿಟ್ಟೆ. ಎರಡನೆಯದನ್ನೂ ತಿಂದೆ. ನಿಲ್ಲಿಸಿದೆ. ಉಳಿದದ್ದನ್ನು ಮುಚ್ಚಿಟ್ಟೆ. ಕೈ ತೊಳೆಯಲಿಲ್ಲ. ಅವರ ಮೂಗಿನ ಮುಂದೆ ಚಾಚಿದೆ.

"ಮೂಸಿ. ಎರಡೇ ಹೋಳು."

ಅವರ ಕಣ್ಣು ತುಂಬಿತು. ಹಿಡಿದುಕೊಳ್ಳಲು ಕೈ ಎತ್ತಿದರು. ನಾನು ಕೈ ಹಿಂದಕ್ಕೆಳೆದುಕೊಂಡೆ.